ಎರಡು ಸಿಮ್ಮಿನ ಸೀಮೆ

ರೋಮಿಂಗ್ ಎಂದರೇನು ಎಂಬುದನ್ನು ಬೆಂಗಳೂರಿನವರು ವಿಮಾನ ನಿಲ್ದಾಣದಲ್ಲಿ ಕಲಿತಿರಬಹುದು. ಬಸವಕಲ್ಯಾಣದ ಸುತ್ತಲಿನ ನಾವು ಅದನ್ನು ಉಮರ್ಗಾದ ಬಜಾರಿನಲ್ಲಿ ಕಲಿತೆವು. ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಸ್ವಲ್ಪ ಹೊತ್ತಿನಲ್ಲೇ ಮಹಾರಾಷ್ಟ್ರದ ಗಡಿ. ಗಡಿ ದಾಟಿದೊಡನೆ ಜೇಬಿನಲ್ಲಿದ್ದ ಫೋನು ಗುಂಯ್ ಎನ್ನುತ್ತಿತ್ತು, ಸ್ವಾಗತದ ಮೆಸೇಜ್ ಬರುತ್ತಿತ್ತು. ಆ ಮೇಲೆ ಯಾರೇ ಕರೆ ಮಾಡಿದರೂ ಎತ್ತಿದವರ ಬ್ಯಾಲೆನ್ಸ್ ಕಡಿಯುತ್ತಿತ್ತು. ಪೂರ್ವಕ್ಕೆ ಹುಮನಾಬಾದ್, ಮನ್ನಾಏಖೇಳಿ ದಾಟಿ ಜಹೀರಾಬಾದಿಗೆ ಹೋದರೂ ಅದೇ ಕಥೆ, ಅಲ್ಲಿ ಆಂಧ್ರದ ದೂರಸಂಪರ್ಕ ಸರ್ಕಲ್. ಹತ್ತಿ ಮಾರಲು, ದವಾಖಾನೆಗೆ, ಬೀಗರ ಮನೆಗೆ, ಯಾವುದಕ್ಕೆ ಹೊರಟರೂ ಫೋನಿನ ಲೆಕ್ಕದಲ್ಲಿ ನಾವು ಪರಸ್ಥಳದವರು.

ಇದರ ಬೇರು 1956ರಲ್ಲಿದೆ. ಆ ವರ್ಷ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ ಮುಂಬೈ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಸೇರಿದವು. ಅಕ್ಕತಂಗಿಯರನ್ನು ಕೊಟ್ಟ ಊರುಗಳು ಅಲ್ಲೇ ಉಳಿದವು, ಗೆರೆ ಮಾತ್ರ ನಡುವೆ ಬಂತು. ಮುಂದೆ ಮೊಬೈಲ್ ಬಂದಾಗ ದೂರಸಂಪರ್ಕದ ಸರ್ಕಲ್‌ಗಳು ಹೆಚ್ಚುಕಡಿಮೆ ಅದೇ ಗೆರೆಗಳ ಮೇಲೆ ನಿಂತವು. ಹಾಗಾಗಿ ಉದಗೀರದ ಅತ್ತೆಯ ಮನೆಗೆ ಹೋದ ನಮ್ಮ ಅಕ್ಕ, ಅವ್ವನ ಕರೆ ಬಂದರೆ ಎತ್ತದೆ ಕಟ್ ಮಾಡಿ, ಆಮೇಲೆ ಮಾವನ ಫೋನಿನಿಂದ ತಿರುಗಿ ಮಾತಾಡುತ್ತಿದ್ದಳು. ಅಗ್ಗದ ಎರಡು ಸಿಮ್ಮಿನ ಹ್ಯಾಂಡ್‌ಸೆಟ್ ಬಜಾರಿಗೆ ಬಂದದ್ದೇ ತಡ, ನಮ್ಮ ಕಡೆಯ ಲಾರಿ ಡ್ರೈವರುಗಳು, ದಲಾಲರು, ಹೆಣ್ಣುಮಕ್ಕಳನ್ನು ಗಡಿಯಾಚೆ ಕೊಟ್ಟ ಅಪ್ಪಂದಿರು ಎಲ್ಲರೂ ಕೊಂಡರು. ಒಂದರಲ್ಲಿ ಕರ್ನಾಟಕದ ಸಿಮ್ಮು, ಇನ್ನೊಂದರಲ್ಲಿ ಮಹಾರಾಷ್ಟ್ರದ್ದು. 2015ರ ಜೂನ್ 15ರಿಂದ ಬಿಎಸ್ಸೆನ್ನೆಲ್ ದೇಶದೊಳಗಿನ ರೋಮಿಂಗಿನಲ್ಲಿ ಒಳಬರುವ ಕರೆಯನ್ನು ಉಚಿತ ಮಾಡಿತು, ಖಾಸಗಿ ಕಂಪನಿಗಳೂ ಕ್ರಮೇಣ ಅದೇ ದಾರಿ ಹಿಡಿದವು. ಗಡಿಯ ಬಾಧೆ ಅಲ್ಲಿಗೆ ಮುಗಿಯಿತು. ಆದರೆ ಎರಡು ಸಿಮ್ಮಿನ ಬುದ್ಧಿ ನಮ್ಮಲ್ಲಿ ಉಳಿದುಕೊಂಡಿತು, ಮತ್ತು ಅದು ನನಗೆ ಲಂಡನ್ನಿನವರೆಗೂ ಕೆಲಸಕ್ಕೆ ಬಂತು.

ನಮ್ಮ ನಾರಾಯಣಪುರ ಬಸವಕಲ್ಯಾಣಕ್ಕೆ ಅಂಟಿಕೊಂಡಂತೆಯೇ ಇರುವ ಊರು. ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯ ನೋಡಲು ಬರುವವರನ್ನು ಬಿಟ್ಟರೆ ಹೊರಗಿನವರು ಇತ್ತ ಬರುವುದು ಕಡಿಮೆ. ಇಲ್ಲಿಂದ ಹೊರಗೆ ಹೋಗುವವರೇ ಹೆಚ್ಚು. ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವುದು ಅಜ್ಜಂದಿರ ಕಾಲದ ರೂಢಿ. ಆಮೇಲೆ ಸೌದಿ, ದುಬೈ, ಕತಾರ್ ಸೇರಿಕೊಂಡವು. ಸಸ್ತಾಪುರ ಬಂಗ್ಲಾದ ಗ್ಯಾರೇಜುಗಳಲ್ಲಿ ಲಾರಿ ಬಾಡಿ ಕಟ್ಟುವುದು, ವೆಲ್ಡಿಂಗ್, ಪೇಂಟಿಂಗ್ ಕಲಿತ ಹುಡುಗರಿಗೆ, ಹೆವಿ ಲೈಸೆನ್ಸ್ ಇರುವ ಡ್ರೈವರುಗಳಿಗೆ ಅಲ್ಲಿ ಕೆಲಸ ಸಿಗುತ್ತದೆ. ಹೀಗಾಗಿ ಪರದೇಶದ ಸಿಮ್ಮಿನ ವಿಷಯದಲ್ಲಿ ನನಗೆ ಪಾಠ ಹೇಳಿದವರು ಸೌದಿಯ ದಮ್ಮಾಮಿನಲ್ಲಿ ಬಹಳ ವರ್ಷ ಟ್ರೇಲರ್ ಓಡಿಸಿ ಬಂದ ನಮ್ಮ ಓಣಿಯ ಚಾಚಾ. ಲಂಡನ್ನಿನ ಹೌನ್‌ಸ್ಲೋದಲ್ಲಿರುವ ತಂಗಿಯ ಮನೆಗೆ ಹೊರಡುವ ಮೊದಲು ನಾನು ಅವರ ಹತ್ತಿರ ಹೋಗಿ ಕೂತೆ.

ಯಾವ ಕಂಪನಿಯದು ಅಗ್ಗ, ಎಷ್ಟು ಜಿಬಿ ಬೇಕು ಎಂದು ನಾನು ಕೇಳುತ್ತಿದ್ದರೆ ಚಾಚಾ ಬೀಡಿ ಪಕ್ಕಕ್ಕಿಟ್ಟು ಹೇಳಿದರು: "ತಮ್ಮಾ, ಹೊಸಾ ಸಿಮ್ಮಿನ ಫಿಕರ್ ಮಾಡಬ್ಯಾಡ. ಅದು ಎಲ್ಲಿ ಹೋದ್ರೂ ಸಿಗ್ತದ. ಹಳೇದು ಸಾಯಬಾರ್ದು, ಅದನ್ನ ಮೊದ್ಲು ನೋಡ್ಕೊ."

ಅವರ ಮಾತಿಗೆ ಕಾರಣವಿತ್ತು. ಮೊದಲ ಸಲ ಸೌದಿಗೆ ಹೋದಾಗ ಅವರು ಊರಿನ ಸಿಮ್ಮನ್ನು ತೆಗೆದು ಪಾಸ್‌ಪೋರ್ಟಿನ ಕವರಿನಲ್ಲಿ ಇಟ್ಟುಬಿಟ್ಟಿದ್ದರು. ಎರಡು ವರ್ಷದ ಮೇಲೆ ರಜೆಗೆ ಬಂದು ಹಾಕಿದರೆ ಜೀವವಿಲ್ಲ. ಅವರ ನಂಬರಿಗೆ ಫೋನ್ ಮಾಡಿದರೆ ಬೇರೆ ಜಿಲ್ಲೆಯ ಯಾರೋ ಎತ್ತಿದರು. ಬ್ಯಾಂಕಿನ ಖಾತೆ, ಆಧಾರ್, ಗ್ಯಾಸ್ ಬುಕಿಂಗ್ ಎಲ್ಲವೂ ಆ ನಂಬರಿಗೆ ಜೋಡಣೆಯಾಗಿದ್ದವು. ತಾನೇ ಕಳಿಸಿದ ರೊಕ್ಕವನ್ನು ತಾನು ತೆಗೆಯಲು ಒಟಿಪಿ ಮತ್ತೊಬ್ಬನ ಫೋನಿಗೆ ಹೋಗುತ್ತಿತ್ತು. ನಲವತ್ತು ದಿನದ ರಜೆಯಲ್ಲಿ ಅರ್ಧ ಭಾಗ ಶಾಖೆಗಳ ಮುಂದೆ ಸಾಲು ನಿಲ್ಲುವುದರಲ್ಲೇ ಹೋಯಿತು.

ಪ್ರೀಪೇಯ್ಡ್ ನಂಬರ್ ಹೀಗೆ ಕೈತಪ್ಪುವುದಕ್ಕೆ ನಿಯಮವೇ ಇದೆ. ನಂಬರುಗಳು ದೇಶದ ಆಸ್ತಿ, ಮಿತವಾದವು. ಬಳಸದೆ ಬಿಟ್ಟವನ್ನು ಕಂಪನಿಗಳು ಹಿಂದಕ್ಕೆ ಪಡೆದು, ಕೆಲಕಾಲ ತಡೆದಿಟ್ಟು, ಬೇರೆಯವರಿಗೆ ಕೊಡುತ್ತವೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2013ರಲ್ಲಿ ಇದಕ್ಕೊಂದು ಅಂಕುಶ ಹಾಕಿತು: 90 ದಿನ ಬಳಕೆ ಇಲ್ಲದಿದ್ದರೆ ಮಾತ್ರ ಸಂಪರ್ಕ ಕಡಿಯಬಹುದು, ಖಾತೆಯಲ್ಲಿ 20 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬ್ಯಾಲೆನ್ಸ್ ಇದ್ದರೆ ಕಡಿಯುವಂತಿಲ್ಲ. ಸಣ್ಣ ನಿಯಮ, ಆದರೆ ದಮ್ಮಾಮಿನಲ್ಲಿರುವ ಡ್ರೈವರನಿಗೆ ಇದು ಮನೆಯ ಕೀಲಿಯಷ್ಟೇ ಮುಖ್ಯ. ಹೊರದೇಶದ ಸಿಮ್ಮಿನ ಬಗ್ಗೆ ಬರೆಯುವವರು ಡೇಟಾ ದರಗಳ ಪಟ್ಟಿ ಕೊಟ್ಟು ಮುಗಿಸುತ್ತಾರೆ. ಮೊದಲ ಪುಟದಲ್ಲಿ ಇರಬೇಕಾದದ್ದು ಈ ಮಾತು ಎಂದು ನನ್ನ ಗಟ್ಟಿ ನಂಬಿಕೆ. ಹೊರಗೆ ಕೊಳ್ಳುವ ಸಿಮ್ಮು ದಾರಿಖರ್ಚಿನ ಬಾಬತ್ತು. ಊರಿನ ನಂಬರು ಬೇರೆ, ನಮ್ಮ ಗುರುತೇ ಅದರ ಮೇಲೆ ನಿಂತಿದೆ.

ಅಲ್ಲಿಂದ ಮುಂದಿನದು ಸುಲಭ. ದಾರಿಗಳು ಮೂರು. ಊರಿನ ಸಿಮ್ಮಿಗೇ ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕ್ ಹಾಕಿಸುವುದು, ಹೋದ ದೇಶದ ಪ್ರೀಪೇಯ್ಡ್ ಸಿಮ್ಮು ಕೊಳ್ಳುವುದು, ಇಲ್ಲವೇ ಕಾರ್ಡೇ ಬೇಡದ ಇ-ಸಿಮ್ ಇಳಿಸಿಕೊಳ್ಳುವುದು. ರೋಮಿಂಗ್ ಯಾಕೆ ದುಬಾರಿ ಎಂಬುದನ್ನು ಬಸವಕಲ್ಯಾಣದ ಮೊಬೈಲ್ ದುಕಾನದ ಹುಡುಗ ಬಹಳ ಚೆನ್ನಾಗಿ ವಿವರಿಸಿದ. ನಾವು ಲಂಡನ್ನಿನಲ್ಲಿ ಫೋನ್ ಆನ್ ಮಾಡಿದಾಗ ಅಲ್ಲಿಯ ಟವರು ನಮ್ಮ ಸಿಮ್ಮಿನೊಳಗಿನ ಸಂಖ್ಯೆ ಓದಿ, ಇದು ಭಾರತದ ಗಿರಾಕಿ ಎಂದು ತಿಳಿದು, ನಮ್ಮ ಕಂಪನಿಯನ್ನು ವಿಚಾರಿಸುತ್ತದೆ. ಇಲ್ಲಿಂದ ಹೂಂ ಎಂದರೆ ಮಾತ್ರ ಅಲ್ಲಿ ಸಿಗ್ನಲ್ ಗೆರೆ ಮೂಡುತ್ತದೆ. ಆಮೇಲೆ ನಾವು ಬಳಸುವ ಡೇಟಾ ಸಾಮಾನ್ಯವಾಗಿ ಭಾರತದ ಸರ್ವರ್ ಸುತ್ತಿ ಬಂದು ಇಂಟರ್‌ನೆಟ್ ಸೇರುತ್ತದೆ. ಲಂಡನ್ನಿನ ಬೀದಿಯ ನಕ್ಷೆ ನೋಡಲು ಮಾಹಿತಿ ಸಮುದ್ರ ದಾಟಿ ಹೋಗಿ ಮರಳಿ ಬರಬೇಕು. ಎರಡು ಕಡೆಯ ಕಂಪನಿಗಳಿಗೂ ಪಾಲು, ದಾರಿಯೂ ಉದ್ದ. ಇದರಲ್ಲೊಂದು ಅನುಕೂಲವೂ ಉಂಟು. ಹೊರದೇಶದ ವಿಳಾಸ ಕಂಡರೆ ತೆರೆದುಕೊಳ್ಳದ ಕೆಲವು ಆ್ಯಪ್‌ಗಳು ರೋಮಿಂಗಿನಲ್ಲಿ ನಾವು ಭಾರತದಲ್ಲೇ ಇದ್ದೇವೆಂದು ತಿಳಿದು ಕೆಲಸ ಮಾಡುತ್ತವೆ.

ನಾಲ್ಕೈದು ದಿನದ ಪ್ರವಾಸಕ್ಕೆ, ಅದರಲ್ಲೂ ವಯಸ್ಸಾದವರ ಗುಂಪಿಗೆ, ರೋಮಿಂಗ್ ಪ್ಯಾಕೇ ಲೇಸು. ಸಿಮ್ಮು ಬದಲಿಸುವ ಗೋಜಿಲ್ಲ, ಊರವರಿಗೆ ಹೊಸ ನಂಬರ್ ಹೇಳುವ ಕೆಲಸವಿಲ್ಲ. ವಾರಗಟ್ಟಲೆ ಇರುವವರಿಗೆ ಅಲ್ಲಿಯದೇ ಸಿಮ್ಮು. ನಾನು ಎರಡನೆಯದನ್ನು ಆರಿಸಿಕೊಂಡೆ, ಆದರೆ ಚಾಚಾ ಹೇಳಿದಂತೆ ಊರಿನ ಸಿಮ್ಮನ್ನು ಫೋನಿನಿಂದ ಕಿತ್ತಿಡಲಿಲ್ಲ. ಹೊರಡುವ ಮೊದಲೇ ದುಕಾನದಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿದೆ. ಪ್ಯಾಕ್ ಹಾಕಿಸದಿದ್ದರೂ ಇದೊಂದು ಚಾಲೂ ಇದ್ದರೆ ಬ್ಯಾಂಕಿನ ಮೆಸೇಜ್ ಬಂದು ತಲುಪುತ್ತದೆ, ಸಾಮಾನ್ಯವಾಗಿ ಒಳಬರುವ ಮೆಸೇಜಿಗೆ ದುಡ್ಡಿಲ್ಲ. ಆಮೇಲೆ ಆ ಹುಡುಗ ನನ್ನ ಫೋನನ್ನು ಗಾಜಿನ ಕೌಂಟರ್ ಮೇಲಿಟ್ಟು ಸೆಟ್ಟಿಂಗ್ಸ್ ತೆರೆದು ಒಂದೊಂದೇ ತೋರಿಸಿದ. ಸಿಮ್ ಒಂದು: ಡೇಟಾ ರೋಮಿಂಗ್ ಬಂದ್, ಕರೆ ಮತ್ತು ಮೆಸೇಜಿಗಷ್ಟೇ. ಸಿಮ್ ಎರಡು: ಈಗ ಖಾಲಿ, ಅಲ್ಲಿ ಹೋಗಿ ಹಾಕಿದ ಮೇಲೆ ಡೇಟಾ ಅದಕ್ಕೆ. ವಾಟ್ಸಾಪ್ ನಂಬರ್ ಬದಲಿಸಲೇ ಎಂದು ಕೇಳಿದರೆ "ಹಳೇದೇ ಇರ್ಲಿ" ಎಂದು ಒತ್ತಬೇಕು. ಟ್ರೇ ತೆಗೆಯುವ ಪಿನ್ನನ್ನು ಫೋನಿನ ಕವರಿನೊಳಗೆ ಟೇಪ್ ಹಚ್ಚಿ ಅಂಟಿಸಿಯೂ ಕೊಟ್ಟ. ಏಳೆಂಟು ವರ್ಷದಿಂದ ಗಲ್ಫಿಗೆ ಹೋಗುವವರ ಫೋನುಗಳನ್ನು ಸಜ್ಜು ಮಾಡುತ್ತಿರುವ ಕೈ ಅದು. "ಮೊದ್ಲು ಗಡಿ ದಾಟೋರಿಗಿ ಮಾಡ್ತಿದ್ದೆ ಕಾಕಾ, ಈಗ ಸಮುದ್ರ ದಾಟೋರಿಗಿ. ಸೆಟ್ಟಿಂಗ್ ಅದೇ" ಎಂದ.

ನಮ್ಮ ಕಡೆಯವರಿಗೆ ಹತ್ತಿರದ ದೊಡ್ಡ ವಿಮಾನ ನಿಲ್ದಾಣವೆಂದರೆ ಹೈದರಾಬಾದಿನ ಶಂಷಾಬಾದ್. ಸಸ್ತಾಪುರದಲ್ಲಿ ಹೆದ್ದಾರಿ ಹಿಡಿದರೆ ರಾಜೇಶ್ವರ, ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿ, ಆಮೇಲೆ ಹೊರವರ್ತುಲ ರಸ್ತೆ. ಹುಮನಾಬಾದಿನ ಹತ್ತಿರ ಜಲಸಂಗಿಯ ತಿರುವು ಬರುತ್ತದೆ. ಅಲ್ಲಿಯ ಗುಡಿಯ ಹೊರಗೋಡೆಯ ಮೇಲೆ ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಕಲ್ಲಿನ ಮೇಲೆ ಬರೆಯುತ್ತಿರುವ ಹೆಣ್ಣಿನ ಶಿಲ್ಪವಿದೆ. ಅವಳು ಬರೆದದ್ದು ಒಂಬತ್ತು ಶತಮಾನ ಕಳೆದರೂ ಓದಲು ಸಿಗುತ್ತದೆ. ಆ ದೊರೆಯ ಆಸ್ಥಾನಕ್ಕೆ ಕಾಶ್ಮೀರದಿಂದ ಕವಿ ಬಿಲ್ಹಣ ಬಂದ. ಅವನ ಊರಿಗೆ ಕಲ್ಯಾಣದಿಂದ ಸುದ್ದಿ ಮುಟ್ಟಲು ಎಷ್ಟು ತಿಂಗಳು ಬೇಕಾಗುತ್ತಿದ್ದವೋ! ನಮ್ಮ ಬಸ್ಸಿನ ಹಿಂದಿನ ಸೀಟಿನಲ್ಲಿ ಹಗ್ಗ ಬಿಗಿದ ಪೆಟ್ಟಿಗೆ ಇಟ್ಟುಕೊಂಡಿದ್ದ ನಮ್ಮೂರಿನ ಇಬ್ಬರು ಹುಡುಗರು ಮನೆಯವರೊಡನೆ ವಿಡಿಯೋದಲ್ಲಿ ಮಾತಾಡುತ್ತಲೇ ಇದ್ದರು. ಜಹೀರಾಬಾದ್ ಬಂತೆಂದು ಒಬ್ಬ ಹೇಳಿದಾಗ ಅವನ ತಾಯಿ ಆ ಕಡೆಯಿಂದ ಅಳಲು ಶುರುಮಾಡಿದರು.

ವಿಮಾನದಲ್ಲಿ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕುವುದು ಸುರಕ್ಷತೆಗೆ ಮಾತ್ರವಲ್ಲ, ಜೇಬಿಗೂ ಒಳ್ಳೆಯದು. ಕೆಲವು ವಿಮಾನಗಳೊಳಗೆ ಉಪಗ್ರಹದ ಮೂಲಕ ನಡೆಯುವ ಪ್ರತ್ಯೇಕ ಮೊಬೈಲ್ ಜಾಲವಿರುತ್ತದೆ. ನಮ್ಮ ಸಿಮ್ಮು ಅದನ್ನು ಹಿಡಿದರೆ ದೇಶಕ್ಕೆಂದು ಹಾಕಿಸಿದ ಪ್ಯಾಕ್ ಅಲ್ಲಿ ನಡೆಯುವುದಿಲ್ಲ, ದರವೇ ಬೇರೆ.

ದುಬೈಯಲ್ಲಿ ವಿಮಾನ ಬದಲಾಯಿಸಬೇಕಿತ್ತು. ನಿಲ್ದಾಣದ ಉಚಿತ ವೈಫೈಯಲ್ಲಿ ತಂಗಿಗೆ ಮೆಸೇಜ್ ಮಾಡಿದೆ. ಆ ಇಬ್ಬರು ಹುಡುಗರು ದುಬೈಗೇ ಬಂದವರು. ಅಲ್ಲಿಂದ ಮನೆಗೆ ವಾಟ್ಸಾಪ್ ಕರೆ ಹೋಗದೆ ಅವರು ಗಾಬರಿಯಾದರು. ಯುಎಇಯಲ್ಲಿ ವಾಟ್ಸಾಪಿನ ಬರಹ ಹೋಗುತ್ತದೆ, ಚಿತ್ರ ಹೋಗುತ್ತದೆ, ಕರೆಗೆ ಮಾತ್ರ ಬಹುಕಾಲದಿಂದ ತಡೆ ಇದೆ. ಅಲ್ಲಿಯ ಸರ್ಕಾರ ಒಪ್ಪಿದ ಬೋಟಿಮ್ ಮೊದಲಾದ ಆ್ಯಪ್‌ಗಳನ್ನೇ ಬಳಸಬೇಕು, ಮತ್ತು ಅವು ಊರಿನಲ್ಲಿರುವವರ ಫೋನಿನಲ್ಲೂ ಇರಬೇಕು. ಪಕ್ಕದಲ್ಲಿದ್ದ ತೆಲುಗಿನ ಮೇಸ್ತ್ರಿಯೊಬ್ಬರು ಹೇಳಿದ ಮೇಲೆ ಹುಡುಗರು ಮನೆಗೆ ಆ ಆ್ಯಪಿನ ಹೆಸರು ಬರೆದು ಕಳಿಸಿದರು. ಊರಲ್ಲಿ ಅವ್ವನ ಫೋನಿಗೆ ಅದನ್ನು ಹಾಕಿಕೊಡುವವರು ಯಾರು ಎಂದು ಅವರಿಗೆ ಚಿಂತೆ. ಗಲ್ಫಿಗೆ ಹೋಗುವವರು ತಮ್ಮ ಫೋನಿನ ಜೊತೆಗೆ ತಾಯಿಯ ಫೋನನ್ನೂ ಸಜ್ಜು ಮಾಡಿ ಹೊರಡಬೇಕು. ಇದನ್ನು ನಮ್ಮ ಊರುಗಳ ಗೋಡೆಗಳ ಮೇಲೆ ಬರೆಸಿದರೂ ತಪ್ಪಿಲ್ಲ.

ಹೀಥ್ರೂದಲ್ಲಿ ಇಳಿದಾಗ ಸಿಮ್ಮು ಮಾರುವ ಮಷೀನುಗಳು, ಅಂಗಡಿಗಳು ಎದುರಿಗೇ ಇದ್ದವು. ಅಲ್ಲಿ ಕೊಳ್ಳಬೇಡ, ಊರೊಳಗೆ ಅಗ್ಗ ಎಂದು ತಂಗಿ ಮೊದಲೇ ಹೇಳಿದ್ದಳು. ಹೌನ್‌ಸ್ಲೋ ಹೈ ಸ್ಟ್ರೀಟಿನ ಒಂದು ಪಂಜಾಬಿ ದಿನಸಿ ಅಂಗಡಿಯಲ್ಲಿ ಮೆಂತ್ಯ, ಹಸಿಮೆಣಸಿನಕಾಯಿ ತೆಗೆದುಕೊಂಡ ಮೇಲೆ ಕೌಂಟರಿನಲ್ಲಿ ತೂಗುಹಾಕಿದ್ದ ಸಿಮ್ಮುಗಳತ್ತ ಕೈ ತೋರಿಸಿದೆ. ಪಾಸ್‌ಪೋರ್ಟ್ ತೆಗೆಯಲು ಚೀಲಕ್ಕೆ ಕೈಹಾಕಿದರೆ ಅಂಗಡಿಯವರು ಬೇಡವೆಂದರು. ಬ್ರಿಟನ್ನಿನಲ್ಲಿ ಪ್ರೀಪೇಯ್ಡ್ ಸಿಮ್ಮಿಗೆ ಗುರುತಿನ ಚೀಟಿ ಕೇಳುವ ಕಾನೂನಿಲ್ಲ. ಹೆಸರಿಲ್ಲ, ಫೋಟೋ ಇಲ್ಲ, ಸಹಿ ಇಲ್ಲ. ಚಾಚಾ ಇದನ್ನು ನಂಬಲೇ ಇಲ್ಲ. ಸೌದಿಯಲ್ಲಿ ಸಿಮ್ಮು ಬೇಕಾದರೆ 2016ರಿಂದ ಬೆರಳಚ್ಚು ಕೊಡಬೇಕು, ಉಮ್ರಾಕ್ಕೆ ಬಂದವರೂ ಕೊಡಬೇಕು. ಜರ್ಮನಿ 2017ರ ಜುಲೈಯಿಂದ ಪ್ರೀಪೇಯ್ಡ್ ಸಿಮ್ಮಿಗೆ ಗುರುತಿನ ಪರಿಶೀಲನೆ ಕಡ್ಡಾಯ ಮಾಡಿತು. ಒಂದು ಸಮುದ್ರದ ಕಾಲುವೆಯ ಆಚೆ ಈಚೆ ಇಷ್ಟು ಅಂತರ.

ಬ್ರಿಟನ್ನಿನಲ್ಲಿ ಸ್ವಂತ ಟವರು ಜಾಲ ಇರುವ ಹೆಸರುಗಳು ನಾಲ್ಕು: ಇಇ, ಓಟು, ತ್ರೀ, ವೊಡಾಫೋನ್. ಉಳಿದವು ಅವರ ಜಾಲವನ್ನು ಬಾಡಿಗೆಗೆ ಪಡೆದು ನಡೆಸುವವು. ಗಿಫ್‌ಗ್ಯಾಫ್ ಓಟು ಮೇಲೆ ನಡೆಯುತ್ತದೆ, ಲೆಬಾರಾ ವೊಡಾಫೋನ್ ಮೇಲೆ. ಭಾರತಕ್ಕೆ ಕರೆ ಮಾಡುವವರನ್ನೇ ನಂಬಿ ಬೆಳೆದ ಲೈಕಾಮೊಬೈಲ್ ಕೂಡ ಈ ಬಗೆಯದೇ. ಲಂಕೆಯಿಂದ ಹೋದ ತಮಿಳರೊಬ್ಬರು 2006ರಲ್ಲಿ ಕಟ್ಟಿದ ಕಂಪನಿ ಅದು. ತಮಿಳು ಸಿನಿಮಾ ನೋಡುವ ನಮ್ಮವರಿಗೆ ನಿರ್ಮಾಣ ಸಂಸ್ಥೆಯಾಗಿ ಆ ಹೆಸರು ಪರಿಚಿತ. ಊರು ಬಿಟ್ಟವರ ಮಾತಿನ ಹಸಿವಿನಿಂದ ಎದ್ದ ದುಡ್ಡು ಕೊನೆಗೆ ಅವರ ಭಾಷೆಯ ಸಿನಿಮಾಕ್ಕೇ ಹೋಯಿತಲ್ಲ ಎಂದು ನನಗೆ ಸಂತೋಷವಾಯಿತು.

ತಂಗಿಯ ಅಡುಗೆಮನೆಯ ಮೇಜಿನ ಮೇಲೆ ಆ ಸಿಮ್ಮಿನ ಪೊಟ್ಟಣ ಬಿಚ್ಚಿದೆ. ಎಟಿಎಂ ಕಾರ್ಡಿನಷ್ಟು ದೊಡ್ಡ ಪ್ಲಾಸ್ಟಿಕ್ಕು, ಅದರಲ್ಲಿ ಮೂರು ಅಳತೆಯ ಗೀರುಗಳು, ಒಂದರೊಳಗೊಂದು. 1991ರಲ್ಲಿ ಜರ್ಮನಿಯ ಗೀಸೆಕೆ ಉಂಡ್ ಡೆವ್ರಿಯೆಂಟ್ ಕಂಪನಿ ಫಿನ್ಲೆಂಡಿನ ರೇಡಿಯೊಲಿಂಜಾಗೆ ಮಾಡಿಕೊಟ್ಟ ಮೊದಲ ಸಿಮ್ಮುಗಳು ಆ ಇಡೀ ಕಾರ್ಡಿನಷ್ಟೇ ದೊಡ್ಡವಿದ್ದವು. ಈಗ ಬೇಕಾದದ್ದು ಅತಿ ಒಳಗಿನದು, 12.3 ಮಿಲಿಮೀಟರ್ ಉದ್ದ, 8.8 ಅಗಲ. ಬೆರಳಿನಿಂದ ಒತ್ತಿದೆ, ಟಕ್ ಎಂದು ಬಿಟ್ಟಿತು. ಎರಡನೆಯ ಮನೆಯಲ್ಲಿ ಕೂಡಿಸಿ ಟ್ರೇ ತಳ್ಳಿದೆ. ಪರದೆಯ ಮೇಲೆ ಎರಡು ಸಾಲು ಗೆರೆಗಳು ಎದ್ದವು: ಒಂದು ಊರಿನದು, ಇನ್ನೊಂದು ಈ ದೇಶದ್ದು. ಅದೇ ಸಂಜೆ ಬ್ಯಾಂಕಿನ ಒಟಿಪಿ ಬಂತು, ಅವ್ವನ ದವಾಖಾನೆಯ ಬಿಲ್ಲು ಅಲ್ಲಿಂದಲೇ ಕಟ್ಟಿದೆ.

ಮುಂದಿನ ವಾರ ವಾಕ್ಸ್‌ಹಾಲ್ ಸ್ಟೇಷನ್ನಿನಿಂದ ನಡೆದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಹೋದೆ. ಥೇಮ್ಸ್ ದಂಡೆಯ ಮೇಲೆ ಬಸವಣ್ಣನವರ ಪ್ರತಿಮೆ ಇರುವುದು ಅಲ್ಲೇ. ಕಲಬುರಗಿ ಸೀಮೆಯಿಂದ ಹೋಗಿ ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ನಿಂತ ಅದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಕಲ್ಯಾಣದ ಮಣ್ಣಿನವನಿಗೆ ಅಲ್ಲಿ ನಿಂತಾಗ ಏನಾಗುತ್ತದೆ ಎಂದು ಬರೆದು ಮುಟ್ಟಿಸುವುದು ಕಷ್ಟ. ಕೈ ಮುಗಿದು ಅವ್ವನಿಗೆ ವಿಡಿಯೋ ಕರೆ ಮಾಡಿದೆ. ಅಲ್ಲಿ ರಾತ್ರಿ ಊಟದ ಹೊತ್ತು. ಓಣಿಯ ನಾಲ್ಕು ಮಂದಿ ಆಕೆಯ ಫೋನಿನ ಮುಂದೆ ಸೇರಿದರು. ಫೋನನ್ನು ಪ್ರತಿಮೆಯ ಕಡೆಗೆ ತಿರುಗಿಸಿದೆ, ಆಮೇಲೆ ನದಿಯ ಕಡೆಗೆ. "ಸಣ್ಣದದಲ್ಲೋ" ಎಂದಳು ಅವ್ವ. ದಿನಾ 108 ಅಡಿಯ ಬಸವಣ್ಣನನ್ನು ನೋಡುವ ಊರಿನ ಕಣ್ಣು. ಮರುಕ್ಷಣವೇ "ಖರೇ ಅಲ್ಲೀತನಾ ಹೋಗ್ಯಾರ ನೋಡು ಅಪ್ಪಾರು" ಎಂದು ಪರದೆಗೇ ಕೈ ಮುಗಿದಳು. ಚಾಚಾ ಹಿಂದಿನಿಂದ ಕೂಗಿ ಕೇಳಿದ್ದು ಒಂದೇ ಪ್ರಶ್ನೆ: "ಹಳೇ ಸಿಮ್ಮು ಜೀವಂತ ಅದ ಇಲ್ಲೋ?"

ಲಂಡನ್ನಿನಿಂದ ಪ್ಯಾರಿಸ್ಸಿಗೋ ಬ್ರಸೆಲ್ಸಿಗೋ ದಾಟುವವರು ಇನ್ನೊಂದು ವಿಷಯ ತಿಳಿದಿರಬೇಕು. ಐರೋಪ್ಯ ಒಕ್ಕೂಟ ತನ್ನ ಸದಸ್ಯ ದೇಶಗಳ ನಡುವೆ ರೋಮಿಂಗಿನ ಹೆಚ್ಚುವರಿ ದರವನ್ನು 2017ರ ಜೂನ್ 15ರಂದು ತೆಗೆದುಹಾಕಿತು. ಬಿಎಸ್ಸೆನ್ನೆಲ್ ನಮ್ಮ ಉಮರ್ಗಾ ಗಡಿಯನ್ನು ಅಳಿಸಿದ್ದೂ ಎರಡು ವರ್ಷ ಮೊದಲು ಅದೇ ದಿನ! ಫ್ರಾನ್ಸಿನಲ್ಲಿ ಕೊಂಡ ಸಿಮ್ಮು ಇಟಲಿಯಲ್ಲೂ ನಡೆಯುತ್ತದೆ, ಹಾಗಾಗಿ ಒಕ್ಕೂಟದ ದೇಶಗಳನ್ನು ಸುತ್ತುವವರಿಗೆ ಒಂದೇ ಸಾಕು. ಆದರೆ ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೆ ಅಲ್ಲಿಯ ಸಿಮ್ಮಿಗೆ ಈ ಹಕ್ಕು ತಾನಾಗಿ ಸಿಗುವುದಿಲ್ಲ, ಒಂದೊಂದು ಕಂಪನಿಗೆ ಒಂದೊಂದು ನಿಯಮ. ಕೊಳ್ಳುವಾಗಲೇ ಕೇಳಿಕೊಳ್ಳಬೇಕು. ರಾಜಕೀಯದ ಗೆರೆ ಫೋನಿನ ಬಿಲ್ಲಿಗೆ ಇಳಿಯುವ ಪರಿ ನಮಗೆ ಹೊಸದೇನಲ್ಲ.

ಬೇರೆ ದೇಶಗಳಿಗೆ ಹೋಗುವವರಿಗೂ ಒಂದೆರಡು ಮಾತು. ಜಪಾನಿನಲ್ಲಿ ಪ್ರವಾಸಿಗರಿಗೆ ಸಿಗುವ ಸಿಮ್ಮುಗಳಲ್ಲಿ ಬಹುಪಾಲು ಡೇಟಾ ಮಾತ್ರ, ಕರೆಯ ನಂಬರ್ ಇರುವುದಿಲ್ಲ. ಅಮೆರಿಕದ ಕಂಪನಿಗಳು 3ಜಿ ಜಾಲವನ್ನು 2022ರಲ್ಲಿ ಮುಚ್ಚಿದವು, ಹಳೆಯ ಹ್ಯಾಂಡ್‌ಸೆಟ್ ಒಯ್ದರೆ ಸಿಮ್ಮು ಸಿಕ್ಕರೂ ಮಾತು ಬರುವುದಿಲ್ಲ. ಅಲ್ಲಿ ಅದೇ ವರ್ಷದಿಂದ ಮಾರುವ ಹೊಸ ಐಫೋನುಗಳಲ್ಲಿ ಸಿಮ್ ಟ್ರೇಯೇ ಇಲ್ಲ, ಎಲ್ಲ ಇ-ಸಿಮ್. ಅಲ್ಲಿಂದ ಮಗ ಕಳಿಸಿದ ಅಂಥ ಫೋನು ಹಿಡಿದು ನಮ್ಮ ದುಕಾನಕ್ಕೆ ಬಂದವರು ಸಿಮ್ಮು ಎಲ್ಲಿ ಹಾಕುವುದೆಂದು ಹುಡುಕುತ್ತಾರೆ. ಇ-ಸಿಮ್ ಬೇಕಾದವರು ಅದನ್ನು ಮನೆಯಲ್ಲೇ, ವೈಫೈ ಇರುವಾಗಲೇ ಇಳಿಸಿಕೊಳ್ಳಬೇಕು. ಪ್ರವಾಸಿ ಇ-ಸಿಮ್ಮುಗಳೂ ಹೆಚ್ಚಾಗಿ ಡೇಟಾಕ್ಕಷ್ಟೇ.

ಊರಿಗೆ ಮರಳಿದ ಮೇಲೆ ಚಾಚಾ ತಮ್ಮ ಮಗನ ವಿಷಯ ತೆಗೆದರು. ಅವನೀಗ ಜೆಡ್ಡಾದಲ್ಲಿದ್ದಾನೆ. ಹೊರದೇಶದಲ್ಲಿ ನೆಲೆಸಿದವರ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿಗೆ ಅಲ್ಲಿಯ ನಂಬರಿನಿಂದಲೇ ಯುಪಿಐ ನಡೆಸಲು, ಆ ವ್ಯವಸ್ಥೆಯನ್ನು ನೋಡಿಕೊಳ್ಳುವ ಎನ್‌ಪಿಸಿಐ 2023ರ ಜನವರಿಯಲ್ಲಿ ಹತ್ತು ದೇಶಗಳಿಗೆ ಒಪ್ಪಿಗೆ ಕೊಟ್ಟಿತು. ಸೌದಿ, ಯುಎಇ, ಕತಾರ್, ಒಮಾನ್ ಆ ಪಟ್ಟಿಯಲ್ಲಿವೆ. ಅದು ದೊಡ್ಡ ಉಪಕಾರ. ಆದರೆ ವೆಲ್ಡಿಂಗಿಗೆ ಹೋದ ಎಷ್ಟೋ ಹುಡುಗರ ಖಾತೆ ಇನ್ನೂ ಊರಿನ ಸಾದಾ ಉಳಿತಾಯ ಖಾತೆಯೇ, ಅದಕ್ಕೆ ಊರಿನ ನಂಬರೇ ಬೇಕು. 20 ರೂಪಾಯಿಯ ನಿಯಮದಿಂದ ನಂಬರು ಉಳಿದರೂ, ಅದಕ್ಕೆ ಮೆಸೇಜ್ ಬರುತ್ತಿರಲು ತಿಂಗಳು ತಿಂಗಳು ಬಳಸದ ಡೇಟಾಕ್ಕೆ ರೊಕ್ಕ ಸುರಿಯಬೇಕಾಗಿತ್ತು. 2024ರ ಡಿಸೆಂಬರಿನಲ್ಲಿ ಟ್ರಾಯ್ ಆದೇಶ ಹೊರಡಿಸಿ, ಕರೆ ಮತ್ತು ಮೆಸೇಜಿಗಷ್ಟೇ ಇರುವ, 365 ದಿನದವರೆಗೂ ನಡೆಯಬಲ್ಲ ಪ್ಯಾಕುಗಳನ್ನು ಕಂಪನಿಗಳು ಕೊಡಲೇಬೇಕು ಎಂದಿತು. ಚಾಚಾಗೆ ಅದು ಗೊತ್ತಿರಲಿಲ್ಲ. ಇಬ್ಬರೂ ಬಸವಕಲ್ಯಾಣದ ಅದೇ ದುಕಾನಕ್ಕೆ ಹೋದೆವು. ಮಗನ ನಂಬರಿಗೆ ವರ್ಷದ ಪ್ಯಾಕ್ ಹಾಕಿಸಿ, ಮುಗಿಯುವ ತಾರೀಖನ್ನು ಹುಡುಗನ ಕೈಯಿಂದ ಚೀಟಿಯ ಮೇಲೆ ಬರೆಸಿಕೊಂಡು, ಆ ದುಬೈ ಹುಡುಗರ ಮನೆಯವರಿಗೂ ಹೇಳಬೇಕೆಂದು ಚಾಚಾ ಅವರ ಓಣಿಯ ಕಡೆ ನಡೆದರು.